ಡಾಕ್ಟರ್ ಕಂಡರೆ ಏರುವ ಬಿಪಿ

ಪ್ರಶ್ನೆ: ನನಗೆ 27 ವರ್ಷ. 14 ವರ್ಷದಿಂದ ಟೈಪ್ 1 ಸಕ್ಕರೆ ಕಾಯಿಲೆ. ದಾವಣಗೆರೆಯ ಕ್ಲಿನಿಕ್‌ನಲ್ಲಿ ಬಿಪಿ 150/94 ಬರುತ್ತದೆ, ಮನೆಯಲ್ಲಿ 124/78. ಇದು ಬರೀ ಹೆದರಿಕೆ ಅಲ್ವಾ?
– ಓದುಗರೊಬ್ಬರು, ಹರಿಹರ

ಉತ್ತರ: ಈ ತಿಂಗಳು ಇದೇ ಪ್ರಶ್ನೆ ಮೂರನೇ ಸಲ ಬಂದಿದೆ. ಮೂವರೂ ‘ಬರೀ’ ಅಂತಲೇ ಬರೆದಿದ್ದಾರೆ. ನನಗೆ ಸಿಟ್ಟು ಬರುವುದು ಆ ಪದಕ್ಕೇ.

ಕ್ಲಿನಿಕ್‌ನಲ್ಲಿ 140/90 ದಾಟಿ, ಮನೆಯ ಸರಾಸರಿ 135/85ರೊಳಗಿದ್ದರೆ ಅದು ವೈಟ್ ಕೋಟ್ ಬಿಪಿ, ಅಂದರೆ ಡಾಕ್ಟರ ಬಿಳಿ ಕೋಟು ಕಂಡಾಗಷ್ಟೇ ಏರುವ ಬಿಪಿ, ಸರಿ. ಆದರೆ ನಿಮ್ಮ 124 ಹೇಗೆ ಬಂತು? ಮೊನ್ನೆ ಒಬ್ಬರು ನೋಟ್‌ಬುಕ್ ತಂದಿದ್ದರು. ವಾರಪೂರ್ತಿ 120ರ ಆಸುಪಾಸು. ಮೆಷಿನ್ನಿನ ಮೆಮೊರಿ ಬಟನ್ ಒತ್ತಿದೆ: 146, 139, 151, ನಡುವೆ ಎಲ್ಲೋ ಒಂದು 122. ಚೆನ್ನಾಗಿ ಬಂದದ್ದನ್ನಷ್ಟೇ ಬರೆದುಕೊಂಡಿದ್ದರು!

ಏಳು ದಿನ ನೋಡಿ. ಬೆಳಿಗ್ಗೆ ಕಾಫಿಗೆ ಮೊದಲು ಎರಡು ಸಲ, ಸಂಜೆ ಎರಡು ಸಲ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ನೆ ಕೂತಿರಬೇಕು, ಮಾತು ಬೇಡ. ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೆ ಸುಳ್ಳೇ ಜಾಸ್ತಿ ತೋರಿಸುತ್ತದೆ. ಶುಗರ್ ಲೋ ಆಗಿ ಕೈ ನಡುಗುವಾಗ ನೋಡಲೇಬೇಡಿ, ಮೊದಲು ಸಕ್ಕರೆ ತಿನ್ನಿ. ಕೊನೆಗೆ ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ.

ನಿಮ್ಮಂಥವರಿಗೆ ಇನ್ನೊಂದು ತೊಡಕಿದೆ. ನಿದ್ದೆಯಲ್ಲಿ ಬಿಪಿ ಹತ್ತು ಪರ್ಸೆಂಟ್‌ನಷ್ಟಾದರೂ ಇಳಿಯಬೇಕು. ವರ್ಷಗಟ್ಟಲೆ ಶುಗರ್ ಏರಿ ನರವೋ ಕಿಡ್ನಿಯೋ ಸೋತವರಲ್ಲಿ ಎಷ್ಟೋ ಜನರಿಗೆ ಇಳಿಯುವುದೇ ಇಲ್ಲ. ಹಗಲು ನೋಡಿದ ಬಿಪಿಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಅದಕ್ಕೇ 24 ಗಂಟೆ ತೋಳಿಗೆ ಕಟ್ಟುವ ಬಿಪಿ ಮಾನಿಟರ್ ಒಮ್ಮೆ ಹಾಕಿಸಿ. ಇದು ಅತಿಯಾಯಿತು ಅನ್ನುವ ಡಾಕ್ಟರುಗಳೂ ಇದ್ದಾರೆ. ಇರಲಿ, ನನಗೆ ಸ್ವಲ್ಪ ಭಯ ಜಾಸ್ತಿ.

ಕಿಡ್ನಿಯಿಂದ ಪ್ರೋಟೀನ್ ಸೋರುತ್ತಿದೆಯಾ ಎಂದು ನೋಡುವ ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಪರೀಕ್ಷೆ, ಕಣ್ಣಿನ ರೆಟಿನಾ ಪರೀಕ್ಷೆ ವರ್ಷಕ್ಕೊಮ್ಮೆ ಆಗುತ್ತಿದೆಯಾ? ನೀವು ಬರೆದೇ ಇಲ್ಲ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿಲಿಗ್ರಾಂ ದಾಟಿ, ಮತ್ತೆ ಮಾಡಿಸಿದಾಗಲೂ ಹಾಗೇ ಬಂದರೆ ‘ಬರೀ ಹೆದರಿಕೆ’ಯ ಮಾತು ಅಲ್ಲಿಗೇ ಮುಗಿಯಿತು. ಎಲ್ಲವೂ ಸರಿಯಿದ್ದರೆ ಮಾತ್ರೆ ಬೇಡ. ಆದರೂ ಆರು ತಿಂಗಳಿಗೊಮ್ಮೆ ಆ ಏಳು ದಿನದ ಲೆಕ್ಕ ಮತ್ತೆ ಬರೆಯಿರಿ. ವೈಟ್ ಕೋಟ್ ಬಿಪಿ ಇದ್ದವರಲ್ಲಿ ಹಲವರಿಗೆ ಮುಂದೆ ನಿಜವಾದ ಬಿಪಿಯೇ ಬರುತ್ತದೆ.

ಪ್ರಶ್ನೆ: ಹಾಗಲಕಾಯಿ ರಸ ಕುಡಿದರೆ ಟೈಪ್ 1 ಇರುವ ಮಗನ ಇನ್ಸುಲಿನ್ ಬಿಡಿಸಬಹುದು ಅಂತ ನಾಟಿ ವೈದ್ಯರೊಬ್ಬರು ಹೇಳಿದ್ದಾರೆ. ನಿಜವಾ?
– ಚಿತ್ರದುರ್ಗ

ಉತ್ತರ: ಟೈಪ್ 1ರಲ್ಲಿ ಇನ್ಸುಲಿನ್ ಬಿಟ್ಟರೆ ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಅಪಾಯ), ಐಸಿಯು. ಆ ರಾತ್ರಿ ಆ ವೈದ್ಯರು ಫೋನ್ ಎತ್ತುವುದಿಲ್ಲ.

ಪ್ರಶ್ನೆ: ನನಗೂ ಟೈಪ್ 1. ಮಂಡಕ್ಕಿ ಹಗುರ ಅಲ್ವಾ, ದಿನಾ ಸಂಜೆ ತಿನ್ನಬಹುದಾ?
– ಜಗಳೂರು

ಉತ್ತರ: ಹಗುರ ಅನ್ನುವುದು ತಕ್ಕಡಿಗೆ ಗೊತ್ತು, ಶುಗರ್‌ಗೆ ಗೊತ್ತಿಲ್ಲ. ಉಪ್ಪು, ಮಿರ್ಚಿಯ ಎಣ್ಣೆ ಬೇರೆ. ಅಪರೂಪಕ್ಕೆ ತಿನ್ನಿ, ಇನ್ಸುಲಿನ್ ಲೆಕ್ಕ ಹಾಕಿಕೊಂಡು.