ಚಳಿಗಾಲದ ಎರಡು ದಿನ: ಬೆಟ್ಟ, ಕೆರೆ, ಅವರೆಕಾಯಿ

ಮೈಸೂರಿಗೆ ವರ್ಗವಾಗಿ ಬಂದಿದ್ದೀರಿ. ಜಿಮ್ ಬೇಡ, ರೆಸಾರ್ಟ್ ಬೇಡ, ಡಿಸೆಂಬರಿನ ಶನಿವಾರ, ಭಾನುವಾರಗಳಲ್ಲಿ ಮೈ ಸ್ವಲ್ಪ ದಣಿಯಬೇಕು, ಮನೆಯೂಟ ಚೆನ್ನಾಗಿರಬೇಕು, ಮಂಡಿನೋವಿರುವ ಅತ್ತೆಯವರೂ ಜೊತೆಗಿರಬೇಕು ಎಂದು ಕೇಳಿದ್ದೀರಿ. ಇದಕ್ಕೆ ಊರು ಬಿಡಬೇಕಾಗಿಲ್ಲ. ಶನಿವಾರ ಚಾಮುಂಡಿ ಬೆಟ್ಟ, ಭಾನುವಾರ ಕುಕ್ಕರಹಳ್ಳಿ ಕೆರೆ, ನಡುವೆ ಅವರೆಕಾಯಿ. ಇನ್ನೂ ಏನಾದರೂ ತುರುಕಲು ಹೋದರೆ ಸೋಮವಾರ ರಜೆ ಹಾಕಬೇಕಾದೀತು.

ಬೆಟ್ಟಕ್ಕೆ ಕಾರಿನಲ್ಲಿ ಹೋಗಬೇಡಿ. ಬೆಳಕು ಹರಿಯುವ ಹೊತ್ತಿಗೆ ಪಾದದ ಬಳಿ ಇರಿ. ಸುಮಾರು ಸಾವಿರ ಮೆಟ್ಟಿಲುಗಳು. 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರ ಕಾಲದವು. ದಾರಿಯಲ್ಲಿ ಸಿಗುವ ದೊಡ್ಡ ನಂದಿಯೂ ಆ ಕಾಲದ್ದೇ. ಆರಂಭದ ಮೆಟ್ಟಿಲುಗಳೇ ಕಡಿದಾದವು. ಅಲ್ಲಿ ಹುಮ್ಮಸ್ಸಿನಿಂದ ಓಡಿದವರೆಲ್ಲ ಸ್ವಲ್ಪ ಮೇಲೆ ಕಟ್ಟೆಯ ಮೇಲೆ ಕುಳಿತು ಏದುಸಿರು ಬಿಡುತ್ತಿರುತ್ತಾರೆ. ಪಕ್ಕದವರೊಡನೆ ಮಾತನಾಡಲು ಉಸಿರು ಸಾಲುವಷ್ಟು ವೇಗ ಸಾಕು. ನಂದಿಯನ್ನು ದಾಟಿದ ಮೇಲೆ ಹತ್ತುವುದು ಹಗುರ. ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ, ಕುಂಕುಮ ಹಚ್ಚುತ್ತಾ ಏರುವ ಹೆಂಗಸರು ಕಾಣಸಿಗುತ್ತಾರೆ. ಅವರ ಮುಂದೆ ನಮ್ಮ ವ್ಯಾಯಾಮದ ಬಡಾಯಿ ನಡೆಯುವುದಿಲ್ಲ.

ಇಳಿಯುವಾಗ ಮಾತ್ರ ಬಸ್ ಹಿಡಿಯಿರಿ. ಮಂಡಿಗೆ ಹೆಚ್ಚು ಭಾರ ಬೀಳುವುದು ಇಳಿಯುವಾಗಲೇ, ಮೀನಖಂಡ ಮರುದಿನ ಹಿಡಿದುಕೊಳ್ಳುವುದೂ ಅದರಿಂದಲೇ. ಅತ್ತೆಯವರು ಬಸ್ಸಿನಲ್ಲಿ ಮೇಲಕ್ಕೆ ಬಂದು ದೇವಸ್ಥಾನದ ಬಳಿ ನಿಮ್ಮನ್ನು ಸೇರಿಕೊಳ್ಳಬಹುದು.

ಮನೆಗೆ ಬಂದ ಮೇಲೆ ಹುಗ್ಗಿ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸವಾದ್ದರಿಂದ ಅನೇಕ ಮನೆಗಳಲ್ಲಿ ಬೆಳಗ್ಗೆ ಅದೇ. ಅಕ್ಕಿಯಷ್ಟೇ ಹೆಸರುಬೇಳೆ, ಕುಟ್ಟಿದ ಮೆಣಸು, ಜೀರಿಗೆ, ಶುಂಠಿ, ಕಾಯಿತುರಿ, ಮೇಲೆ ತುಪ್ಪ. ಬೇಳೆಯನ್ನು ಘಮ್ಮೆನ್ನುವಷ್ಟು ಹುರಿದುಕೊಳ್ಳಿ, ನೀರು ಧಾರಾಳವಾಗಿರಲಿ, ಆರಿದಂತೆ ಗಟ್ಟಿಯಾಗುತ್ತದೆ. ಹುಣಸೆಗೊಜ್ಜು ಜೊತೆಗಿರಬೇಕು.

ಆಮೇಲೆ ದೇವರಾಜ ಮಾರುಕಟ್ಟೆಗೆ ಹೋಗಿ ಅವರೆಕಾಯಿ ತನ್ನಿ. ಕಾಯಿಯನ್ನು ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತಬೇಕು, ಮೂಸಿದರೆ ಸೊಗಡು ಹೊಡೆಯಬೇಕು. ಸೊಗಡಿಲ್ಲದ ಕಾಯಿಯನ್ನು ಅರ್ಧ ಬೆಲೆಗೆ ಕೊಟ್ಟರೂ ನಾನು ಕೊಳ್ಳುವುದಿಲ್ಲ. ಕಾಳು ಬಲಿತಿರಲಿ. ಬಿಡಿಸಿದ ಕಾಳು ದುಬಾರಿ, ಯಾವಾಗ ಬಿಡಿಸಿದ್ದೋ ಗೊತ್ತಾಗುವುದಿಲ್ಲ. ಮಧ್ಯಾಹ್ನ ಜಗಲಿಯ ಬಿಸಿಲಿನಲ್ಲಿ ಮನೆಮಂದಿಯೆಲ್ಲ ಮೊರ ಹಿಡಿದು ಕುಳಿತು ನೀವೇ ಬಿಡಿಸಿ. ಹುಳು ಸಿಕ್ಕಿದರೆ ಕಿರುಚಬೇಡಿ, ಎತ್ತಿ ಎಸೆಯಿರಿ. ಸ್ವಲ್ಪ ಕಾಳನ್ನು ರೊಟ್ಟಿಗೆಂದು ತೆಗೆದಿಟ್ಟು, ಉಳಿದದ್ದನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ.

ಭಾನುವಾರ ಸಮತಟ್ಟು ದಾರಿ. ಕುಕ್ಕರಹಳ್ಳಿ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1864ರದು. ಅತ್ತೆಯವರು ಏರಿಯ ಮೇಲೆ ನಡೆಯುವಷ್ಟು ನಡೆದು ಬೆಂಚಿನ ಮೇಲೆ ಕೂರಲಿ, ನೀವು ಪೂರ್ತಿ ಸುತ್ತು ಹಾಕಿ. ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ ಕಾಣುತ್ತವೆ. ಹಾವಕ್ಕಿ ಮುಳುಗಿ ಎದ್ದು, ರೆಕ್ಕೆ ಬಿಚ್ಚಿ ಒಣಗಿಸುವುದನ್ನು ನಿಂತು ನೋಡಿ. ಹೆಜ್ಜೆ ಎಣಿಸುವ ಗಡಿಯಾರವನ್ನು ಮನೆಯಲ್ಲೇ ಬಿಟ್ಟು ಬಂದರೆ ಇನ್ನೂ ಒಳ್ಳೆಯದು.

ತಿಂಡಿಗೆ ಅಕ್ಕಿರೊಟ್ಟಿ: ಬೇಯಿಸಿದ ಅವರೆಕಾಳು, ಸಬ್ಬಸಿಗೆ ಸೊಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ ಸೇರಿಸಿ ಬಾಣಲೆಯಲ್ಲಿ ತೆಳ್ಳಗೆ ತಟ್ಟಿ. ಎರಡನೆಯ ರೊಟ್ಟಿ ತಟ್ಟುವ ಮೊದಲು ಬಾಣಲೆ ಆರಿರಲಿ, ಇಲ್ಲವಾದರೆ ಕೈ ಸುಡುತ್ತದೆ.

ಇನ್ನು ಹಿದುಕುವುದು. ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಅದುಮಿದರೆ ಬೇಳೆ ಚಿಮ್ಮಿ ಹೊರಬೀಳುತ್ತದೆ, ಸಿಪ್ಪೆ ಬೆರಳಿನಲ್ಲೇ ಉಳಿಯುತ್ತದೆ. ಮೊದಲ ಹತ್ತಿಪ್ಪತ್ತು ಕಾಳು ಎಲ್ಲೆಲ್ಲೋ ಹಾರುತ್ತವೆ, ಆಮೇಲೆ ಕೈ ಕೂರುತ್ತದೆ. ಈ ಕೆಲಸದಲ್ಲಿ ನಿಮ್ಮ ಅತ್ತೆಯವರನ್ನು ಮೀರಿಸುವವರು ಮನೆಯಲ್ಲಿ ಯಾರೂ ಇರಲಾರರು. ಎರಡೂ ಕೈಗೆ ಕೆಲಸವಿರುವುದರಿಂದ ಯಾರೂ ಮೊಬೈಲ್ ಮುಟ್ಟುವಂತಿಲ್ಲ. ವಿಶ್ರಾಂತಿ ಎಂದರೆ ನನಗೆ ಇದೇ, ಮಲಗುವುದಲ್ಲ.

ಸಾರಿಗೆ ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಗಸಗಸೆ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಹುರಿದು, ಶುಂಠಿ, ಕಾಯಿತುರಿಯೊಡನೆ ನುಣ್ಣಗೆ ರುಬ್ಬಿ. ಬೇಳೆಯನ್ನು ಕುಕ್ಕರಿಗೆ ಹಾಕಬೇಡಿ, ಕರಗಿ ಹೋಗುತ್ತದೆ. ತೆರೆದ ಪಾತ್ರೆಯಲ್ಲಿ ಬೇಯಿಸಿ, ಬೇಳೆ ಮೆತ್ತಗಾದರೂ ಆಕಾರ ಕೆಡದಿರುವಾಗ ಮಸಾಲೆ ಹಾಕಿ ಕುದಿಸಿ. ಅನ್ನಕ್ಕೂ ಸರಿಯೇ, ಆದರೆ ಬಿಸಿ ರಾಗಿಮುದ್ದೆ ಇದ್ದರೆ ನಾನು ಅನ್ನದ ಕಡೆ ನೋಡುವುದಿಲ್ಲ. ಅವರೆ ವಾಯು, ಶುಂಠಿ ಬೆಳ್ಳುಳ್ಳಿಯಲ್ಲಿ ಜಿಪುಣತನ ಬೇಡ; ರಾತ್ರಿಗೆ ಮಜ್ಜಿಗೆ ಅನ್ನ ಸಾಕು. ಹಿದುಕಿದ ಬೇಳೆ ಮಿಕ್ಕಿದ್ದರೆ ಫ್ರಿಜ್‌ನಲ್ಲಿಟ್ಟು ಸೋಮವಾರ ಬೆಳಗ್ಗೆ ಉಪ್ಪಿಟ್ಟಿಗೆ ಹಾಕಿ.