ಸೈಕಲ್ ಕಟ್ಟೆ: ಈ ಕಟಕಟ ಎಲ್ಲಿಂದ ಬರ್ತಿದೆ?

ಈ ತಿಂಗಳು ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸದ್ದಿನ ಬಗ್ಗೇನೇ. ಟಿಕ್ ಟಿಕ್, ಕಿರ್ ಕಿರ್, ಕಟಕ್, ಗೊರಗೊರ, ಒಬ್ರಂತೂ "ಅಜ್ಜಿ ಮನೆ ಅಟ್ಟದ ಏಣಿ ಹತ್ತಿದಂಗೆ" ಅಂತ ಬರೆದಿದಾರೆ, ನಂಗೆ ತಕ್ಷಣ ಅರ್ಥ ಆಯ್ತು. ಹಾಗಾಗಿ ಟೈರು, ಗೇರು ಅಂತ ಕೇಳಿದೋರು ಬೇಜಾರು ಮಾಡ್ಕೋಬೇಡಿ, ನಿಮ್ದು ಮುಂದಿನ ಸಲ. ಈ ಸಲ ಬರೀ ಸದ್ದು.

ಪ್ರಶ್ನೆ: ಸರ್, ನನ್ನದು ಕಾರ್ಬನ್ ರೋಡ್ ಬೈಕ್, ತಗೊಂಡು ಎರಡೂವರೆ ವರ್ಷ ಆಯ್ತು. ಸಮತಟ್ಟು ರೋಡಲ್ಲಿ ಏನೂ ಇಲ್ಲ, ಚಾಮುಂಡಿ ಬೆಟ್ಟ ಹತ್ತೋಕೆ ಶುರು ಮಾಡಿದ್ರೆ ಸಾಕು ಕಾಲ ಬುಡದಿಂದ ಕಟಕ್ ಕಟಕ್ ಅನ್ನುತ್ತೆ. ಅಂಗಡೀಲಿ ಬಾಟಮ್ ಬ್ರಾಕೆಟ್ ಹೋಗಿದೆ ಅಂದ್ರು, ಚೇಂಜ್ ಮಾಡಿಸ್ದೆ. ಒಂದು ವಾರ ಸುಮ್ನಿತ್ತು, ಮತ್ತೆ ಬಂತು. ಈಗ ಇನ್ನೊಂದ್ಸಲ ಚೇಂಜ್ ಮಾಡ್ಬೇಕು ಅಂತಿದಾರೆ. ಮಾಡಿಸ್ಲಾ?
— ಓದುಗ, ಮೈಸೂರು

ಉತ್ತರ: ಬೇಡ, ಸ್ವಲ್ಪ ತಡ್ಕೊಳ್ಳಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತಾರಲ್ಲ, ಬಾಟಮ್ ಬ್ರಾಕೆಟ್ (ಚಿಕ್ಕದಾಗಿ ಬಿಬಿ), ಅಂದ್ರೆ ಪೆಡಲ್ ಕೈಗಳು ತಿರುಗೋ ಬುಡದ ಬೇರಿಂಗು, ಸೈಕಲ್ಲಿನ ಆ ಎಮ್ಮೆ. ಎಲ್ಲಿ ಸದ್ದಾದ್ರೂ ಬರೆ ಅದಕ್ಕೇ.

ಯಾಕೆ ಹಿಂಗಾಗುತ್ತೆ ಅಂದ್ರೆ ಫ್ರೇಮ್ ಅನ್ನೋದು ಒಳಗೆ ಟೊಳ್ಳು. ತಂಬೂರಿ ತಂತಿ ಮೀಟೋದು ಮೇಲೆ, ಸದ್ದು ತುಂಬ್ಕೊಳ್ಳೋದು ಕೆಳಗಿನ ಬುರುಡೇಲಿ ಅಲ್ವಾ, ಹಂಗೇ ಇದೂನೂ. ಕಾರ್ಬನ್ ಫ್ರೇಮಲ್ಲಿ ಟ್ಯೂಬ್, ಅಂದ್ರೆ ಫ್ರೇಮಿನ ಕೊಳವೆಗಳು, ಎಲ್ಲ ಬಂದು ಸೇರೋ ದಪ್ಪ ಜಾಗ ಬಾಟಮ್ ಬ್ರಾಕೆಟ್ ಹತ್ರ, ಸೀಟಿನ ಬುಡದಲ್ಲಿ ಆದ ಕಟಕ್ ಟ್ಯೂಬ್ ಹಿಡ್ಕೊಂಡು ಇಳಿದು ಬಂದು ಅಲ್ಲಿಂದ ಆದಂಗೆ ಕೇಳುತ್ತೆ. ಕಿವಿ ನಂಬಿದ್ರೆ ದುಡ್ಡು ಹೋಗುತ್ತೆ, ಅನುಭವದಿಂದ ಹೇಳ್ತಿದೀನಿ. ನನ್ನ ಹಳೇ ಸೈಕಲ್ಲಿಗೆ ಬಿಬಿ ಹೊಸದು ಹಾಕ್ಸಿ, ಪೆಡಲ್ ಹೊಸದು ತಗೊಂಡು, ಚೈನ್‌ರಿಂಗ್ (ಮುಂದಿನ ಹಲ್ಲಿನ ಚಕ್ರ) ಬೋಲ್ಟ್ ಎಲ್ಲ ಬಿಚ್ಚಿ ತೊಳೆದು, ಎರಡು ತಿಂಗಳು ತಲೆ ಕೆಡಿಸ್ಕೊಂಡೆ. ಕೊನೆಗೆ ಪಂಕ್ಚರ್ ಆಗಿ ಹಿಂದಿನ ಚಕ್ರ ಬಿಚ್ಚಿದಾಗ ಕ್ವಿಕ್ ರಿಲೀಸ್ (ಚಕ್ರ ಬಿಗಿಯೋ ಹಿಡಿ) ಕೂರೋ ಜಾಗದಲ್ಲಿ ಒಣಗಿದ ಕೆಸರು ಕಂಡು ಒರೆಸಿ ಚೂರು ಗ್ರೀಸ್ ಹಚ್ಚಿ ಹಾಕಿದೆ ನೋಡಿ, ಅವತ್ತಿಂದ ಸೈಕಲ್ ಮೌನವ್ರತ.

ಈಗ ನಿಮ್ಮ ಪತ್ರದಲ್ಲೇ ಒಂದು ಸುಳಿವಿದೆ. "ಒಂದು ವಾರ ಸುಮ್ನಿತ್ತು" ಅಂದ್ರಲ್ಲ. ಅಂಗಡೀಲಿ ಬಿಬಿ ಬಿಚ್ಚೋಕೆ ಸೈಕಲ್ಲನ್ನ ಸ್ಟ್ಯಾಂಡಿಗೆ ಕಚ್ಚಿಸ್ತಾರೆ, ಕಾರ್ಬನ್ ಟ್ಯೂಬ್ ಒತ್ತಿದ್ರೆ ಸೀಳುತ್ತೆ ಅಂತ ಸಾಮಾನ್ಯವಾಗಿ ಕಚ್ಚಿಸೋದು ಸೀಟ್‌ಪೋಸ್ಟಿಗೆ (ಸೀಟಿನ ಕಂಬಕ್ಕೆ), ಅದಕ್ಕೆ ಪೋಸ್ಟನ್ನ ಸಡಿಲ ಮಾಡಿ ಮೇಲೆ ಎಳೆದು ಆಮೇಲೆ ಇಳಿಸಿ ಟೈಟ್ ಮಾಡಿರ್ತಾರೆ. ಅಂದ್ರೆ ಅಲ್ಲಿ ರಿಪೇರಿ ಆಗಿದ್ದು ಬಿಬಿ ಒಂದೇ ಅಲ್ಲ, ಸೀಟ್‌ಪೋಸ್ಟ್, ಕ್ರ್ಯಾಂಕು (ಪೆಡಲ್ ಕೂರೋ ಕೈ), ಬಹುಶಃ ಪೆಡಲ್ಲೂ ಬಿಚ್ಚಿ ಹಾಕಿದಂಗೆ ಆಯ್ತು. ಸದ್ದು ನಿಲ್ಲಿಸಿದ್ದು ಯಾವ್ದು ಅಂತ ಯಾರಿಗೆ ಗೊತ್ತು? ಹೋಗಿ ಕೇಳಿ, ಸ್ಟ್ಯಾಂಡಿಗೆ ಎಲ್ಲಿ ಹಾಕಿದ್ರಿ ಅಂತ.

ಆಮೇಲೆ ಬೆಟ್ಟಕ್ಕೆ ಹೋಗಿ, ಟೂಲ್ ಏನೂ ಬೇಡ. ಏರಿನಲ್ಲಿ ಸದ್ದು ಶುರುವಾದ ತಕ್ಷಣ ಅದೇ ಗೇರಲ್ಲಿ ಸೀಟಿಂದ ಎದ್ದು ನಿಂತು ತುಳೀರಿ. ನಿಂತ್ರೆ ಸದ್ದು ಮಾಯ, ಕೂತ್ರೆ ಹಾಜರ್ ಅಂದ್ರೆ ಸೀಟು, ಸೀಟಿನ ಕೆಳಗಿನ ಕಂಬಿ ಹಿಡಿಯೋ ಕ್ಲ್ಯಾಂಪ್, ಸೀಟ್‌ಪೋಸ್ಟ್, ಇವುಗಳನ್ನ ಬಿಟ್ಟು ಬೇರೆ ಕಡೆ ನೋಡ್ಲೇಬೇಡಿ. ಸೀಟಿನ ಸದ್ದು ಪೆಡಲ್ ತಾಳಕ್ಕೇ ಬರುತ್ತೆ, ಇಲ್ಲೇ ಎಲ್ಲರೂ ಮೋಸ ಹೋಗೋದು, ಯಾಕಂದ್ರೆ ಒಂದೊಂದು ಕಾಲು ಒತ್ತಿದಾಗ್ಲೂ ಸೊಂಟ ಆ ಕಡೆ ಈ ಕಡೆ ವಾಲುತ್ತೆ. ಉಲ್ಟಾ, ನಿಂತಾಗ ಮಾತ್ರ ಬಂದ್ರೆ ಹ್ಯಾಂಡಲ್, ಅದನ್ನ ಹಿಡಿಯೋ ಸ್ಟೆಮ್, ಹ್ಯಾಂಡಲ್ ತಿರುಗೋ ಬೇರಿಂಗ್ ಆದ ಹೆಡ್‌ಸೆಟ್, ಚಕ್ರದ ಆಕ್ಸಲ್ ಕಡೆ ನೋಡಿ. ತುಳಿಯೋದು ನಿಲ್ಲಿಸಿ ಸುಮ್ನೆ ಉರುಳಿಸಿದ್ರೂ ಬರ್ತಿದ್ರೆ ಚಕ್ರ. ಎರಡು ಸ್ಥಿತಿಲೂ, ತುಳಿದಾಗ ಮಾತ್ರ ಬಂದ್ರೆ ಪೆಡಲ್, ಕ್ಲೀಟ್ (ಶೂವನ್ನ ಪೆಡಲ್ಲಿಗೆ ಕಚ್ಚಿಸೋ ತುಂಡು), ಚೈನ್‌ರಿಂಗ್ ಬೋಲ್ಟ್, ಕ್ಯಾಸೆಟ್ (ಹಿಂದಿನ ಹಲ್ಲಿನ ಚಕ್ರಗಳ ಗೊಂಚಲು), ಡಿರೈಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸೋ ಭಾಗ ತೂಗೋ ಕೊಂಡಿ), ಇವೆಲ್ಲ ಆದಮೇಲೆ ಕೊನೇಲಿ ಬಿಬಿ.

ಇನ್ನೊಂದು ಪರೀಕ್ಷೆ ಎಣಿಸೋದು. ಬಲಗಾಲು ಕೆಳಗೆ ಬಂದಾಗೆಲ್ಲ ಒಂದು ಅಂತ ಎಣಿಸ್ತಾ ಗೇರ್ ಬದಲಾಯಿಸಿ. ಗೇರ್ ಯಾವ್ದಾದ್ರೂ ಸದ್ದು ಕಾಲಿನ ಜೊತೇಗೇ ಇದ್ರೆ ಅದು ಕಾಲಿನ ಜೊತೆ ತಿರುಗೋ ಭಾಗ, ಇಲ್ಲಾಂದ್ರೆ ಸೀಟು. ತಾಳ ತಪ್ಪಿದ್ರೆ ಚಕ್ರ ಅಥವಾ ಚೈನು. ಚೈನಲ್ಲಿ ಹೆಚ್ಚು ಕಮ್ಮಿ 110 ಲಿಂಕ್ ಇರುತ್ತೆ, ಮುಂದೆ 50 ಹಲ್ಲಿನ ರಿಂಗಲ್ಲಿದ್ರೆ ಚೈನ್ ಒಂದು ಸುತ್ತು ಬರೋಕೆ ಕಾಲು ಎರಡು ಸುತ್ತು ಮತ್ತೆ ಚೂರು ತಿರುಗಬೇಕು, 34ರ ರಿಂಗಲ್ಲಿ ಮೂರು ಸುತ್ತು ಮತ್ತೆ ಚೂರು. ಹಾಗೆ ಎರಡು-ಮೂರು ಸುತ್ತಿಗೊಂದ್ಸಲ ಟಿಕ್ ಅಂದ್ರೆ ಯಾವ್ದೋ ಒಂದು ಲಿಂಕ್ ಬಿಗಿಯಾಗಿದೆ ಅಂತ. ನಿಧಾನಕ್ಕೆ ಹಿಂದಕ್ಕೆ ತುಳಿದು ನೋಡಿ, ಕೆಳಗಿನ ಪುಟಾಣಿ ಚಕ್ರಗಳ ಹತ್ರ ಆ ಲಿಂಕ್ ಜಿಗಿಯೋದು ಕಣ್ಣಿಗೇ ಕಾಣುತ್ತೆ.

ನಿಮ್ಮ ವಿಷಯದಲ್ಲಿ ನನ್ನ ಪಂತ ಸೀಟ್‌ಪೋಸ್ಟ್ ಮೇಲೆ. ಎತ್ತರ ಎಷ್ಟಿದೆ ಅಂತ ಟೇಪ್ ಅಂಟಿಸಿ ಗುರುತು ಮಾಡ್ಕೊಂಡು ಹೊರಗೆ ತೆಗೀರಿ, ಪೋಸ್ಟೂ ಒಳಗಿನ ಟ್ಯೂಬೂ ಒಣ ಬಟ್ಟೇಲಿ ಒರೆಸಿ, ಕಪ್ಪು ಧೂಳು ಎಷ್ಟು ಬರುತ್ತೆ ನೋಡಿ ನೀವೇ ಹೌಹಾರ್ತೀರಾ. ಕಾರ್ಬನ್ ಆಗಿರೋದ್ರಿಂದ ಗ್ರೀಸ್ ಹಚ್ಬೇಡಿ, ಪೋಸ್ಟ್ ಜಾರಿ ಇಳಿಯುತ್ತೆ, ಕಾರ್ಬನ್ ಪೇಸ್ಟ್ ಅಂತಾನೇ ಮರಳು ಮರಳಾಗಿ ಇರೋದು ಸಿಗುತ್ತೆ, ಅದನ್ನ ಹಚ್ಚಿ. ಟೈಟ್ ಮಾಡೋದು ಕ್ಲ್ಯಾಂಪ್ ಮೇಲೆ ಬರೆದಿರೋ ಅಷ್ಟೇ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ (ಬಿಗಿಯ ಅಳತೆ) ಆಸುಪಾಸು. ಸದ್ದು ಬಂತು ಅಂತ ಇನ್ನೂ ಒಂದು ಸುತ್ತು ಬಿಗಿ ಮಾಡೋ ಚಾಳಿ ನಮ್ಮೆಲ್ಲರಿಗೂ ಇದೆ, ಕಾರ್ಬನ್ನಲ್ಲಿ ಅದು ದುಬಾರಿ ಚಾಳಿ.

ಅದಕ್ಕೂ ಹೋಗ್ಲಿಲ್ಲ ಅಂದ್ರೆ ಸೀಟಿನ ಕ್ಲ್ಯಾಂಪ್, ಆಮೇಲೆ ಪೆಡಲ್. ಎಡಗಡೆ ಪೆಡಲ್ ಉಲ್ಟಾ ಥ್ರೆಡ್ ಅನ್ನೋದು ನೆನಪಿರ್ಲಿ, ಇದು ಗೊತ್ತಿಲ್ದೆ ಪೈಪ್ ಹಾಕಿ ತಿರುಗಿಸಿ ಕ್ರ್ಯಾಂಕೇ ಹಾಳು ಮಾಡ್ಕೊಂಡೋರು ಇದಾರೆ. ಪೆಡಲ್ ಥ್ರೆಡ್ಡಿಗೆ ಗ್ರೀಸ್ ಹಚ್ಚಿ. ಕ್ಯಾಸೆಟ್ ಸಡಿಲ ಇದ್ರೂ ಏರಲ್ಲಿ ಹಿಂಗೇ ಗುಟುರು ಹಾಕುತ್ತೆ, ಅದರ ಲಾಕ್‌ರಿಂಗಿಗೆ 40 ನ್ಯೂಟನ್ ಮೀಟರ್ ಬೇಕು, ಅಂದ್ರೆ ಕೈಗೆ ಒಳ್ಳೇ ಜೋರು. ಒಂದ್ಸಲಕ್ಕೆ ಒಂದೇ ಕಡೆ ಕೈ ಹಾಕಿ, ಬೆಟ್ಟ ಹತ್ತಿ ಬನ್ನಿ, ಆಮೇಲೆ ಮುಂದಿನದು. ಎಲ್ಲ ಒಟ್ಟಿಗೆ ಬಿಚ್ಚಿದ್ರೆ ನಿಮ್ಮ ಅಂಗಡಿಯವರ ಕಥೆನೇ ಆಗೋದು.

ಇಷ್ಟೆಲ್ಲ ಆದ್ಮೇಲೂ ಸದ್ದಿದ್ರೆ ಸರಿ, ಬಿಬಿ. ಥ್ರೆಡ್ ಇಲ್ದೆ ಸುಮ್ನೆ ಒತ್ತಿ ಕೂರಿಸೋ ಪ್ರೆಸ್‌ಫಿಟ್ ಆಗಿದ್ರೆ ಅದಕ್ಕೆ ಆ ಕೆಟ್ಟ ಹೆಸರು ಸುಮ್ನೆ ಬಂದಿಲ್ಲ, ತೂತಿನ ಅಳತೆ ಕೂದಲೆಳೆ ವ್ಯತ್ಯಾಸ ಆದ್ರೂ ಕಪ್ ಒಳಗೆ ಅಲ್ಲಾಡಿ ಕಿರ್ ಅನ್ನುತ್ತೆ. ಹಂಗಿದ್ರೆ ಅದೇ ಥರದ್ದು ಮೂರನೇ ಸಲ ಹಾಕಿಸ್ಬೇಡಿ, ಎರಡು ಕಪ್ ಒಂದಕ್ಕೊಂದು ತಿರುಗಿಸಿ ಬಿಗಿಯೋ ಮಾದರಿ ನಿಮ್ಮ ಫ್ರೇಮಿಗೆ ಸಿಗುತ್ತಾ ಕೇಳಿ.

ಪ್ರಶ್ನೆ: ನಮಸ್ಕಾರ್ರಿ. ನಮ್ಮ ಹುಡುಗ ರೇಸಿಂಗ್ ಕಲಿಯಾಕ್ಹತ್ಯಾನ್ರಿ, ಸೆಕೆಂಡ್ ಹ್ಯಾಂಡ್ ಸೈಕಲ್ ಕೊಡ್ಸೇನಿ. ಬಲಗಾಲ ತುಳದಾಗೊಮ್ಮೆ ಕಟಕ್ ಅಂತೈತ್ರಿ, ಎಡಗಾಲ ತುಳದ್ರ ಏನೂ ಇಲ್ಲ. ಪೆಡಲ್ ಬಿಚ್ಚಿ ಗ್ರೀಸ್ ಹಚ್ಚೇವಿ, ಬ್ಯಾರೆ ಪೆಡಲ್ ಸುದ್ದಾ ಹಾಕಿ ನೋಡೇವಿ, ಹೋಗವಲ್ದು. ಕ್ರ್ಯಾಂಕ್ ಮ್ಯಾಲೆ ಅಲ್ಟೆಗ್ರಾ ಅಂತ ಬರ್ದೈತಿ. ದಿನಾ 60 ಕಿಲೋಮೀಟರ್ ಹೊಡಿತಾನ್ರಿ, ಏನರ ಅಂಜಿಕಿ ಐತೇನ್ರಿ?
— ಒಬ್ಬ ತಂದೆ, ವಿಜಯಪುರ

ಉತ್ತರ: ರೀ, ಇದೊಂದಕ್ಕೆ ಮಾತ್ರ ನಾನು ತಮಾಷೆ ಮಾಡಲ್ಲ. ಮಗನಿಗೆ ಇವತ್ತೇ ಹೇಳಿ, ಕ್ರ್ಯಾಂಕ್ ಚೆಕ್ ಆಗೋವರೆಗೂ ಆ ಸೈಕಲ್ ಹೊಡಿಯೋದು ಬೇಡ.

ಅಲ್ಟೆಗ್ರಾ ಅನ್ನೋದು ಸೈಕಲ್ ಭಾಗ ಮಾಡೋ ಶಿಮಾನೋ ಕಂಪನಿಯವರದು, ಅಗ್ಗದ ಮಾಲಲ್ಲ. ಆದ್ರೆ ತೂಕ ಕಮ್ಮಿ ಮಾಡೋಕೆ ಕೆಲವು ವರ್ಷದ ಕ್ರ್ಯಾಂಕುಗಳನ್ನ ಎರಡು ತುಂಡು ಅಲ್ಯುಮಿನಿಯಂ ಅಂಟಿಸಿ ಒಳಗೆ ಟೊಳ್ಳು ಬಿಟ್ಟು ಮಾಡಿದ್ದಾರೆ, ಆ ಅಂಟು ಬಿಟ್ಕೊಂಡು ತುಳಿಯುವಾಗ್ಲೇ ಮುರಿಯೋ ಸಾಧ್ಯತೆ ಇದೆ ಅಂತ ಕಂಪನಿಯವರೇ 2023ರ ಸೆಪ್ಟೆಂಬರಲ್ಲಿ ಚೆಕ್ ಮಾಡಿಸ್ಕೊಳ್ಳಿ ಅಂತ ಜಗತ್ತಿಗೆಲ್ಲ ಹೇಳಿದ್ರು. ಅಮೆರಿಕಾ ಒಂದರಲ್ಲೇ ಸುಮಾರು 6,80,000 ಕ್ರ್ಯಾಂಕು ಆ ಲೆಕ್ಕಕ್ಕೆ ಬಂತು. 2012ರ ಜೂನ್‌ನಿಂದ 2019ರ ಜೂನ್ ನಡುವೆ ತಯಾರಾದ 11 ಸ್ಪೀಡಿನ (ಹಿಂದೆ 11 ಗೇರಿನ) ಅಲ್ಟೆಗ್ರಾ ಮತ್ತು ಡ್ಯೂರಾ ಏಸ್ ಕ್ರ್ಯಾಂಕುಗಳು ಅವು. ಕ್ರ್ಯಾಂಕಿನ ಒಳಮೈ ಅಂದ್ರೆ ಫ್ರೇಮ್ ಕಡೆ ಇರೋ ಮುಖದಲ್ಲಿ ನಂಬರ್ ಕೆತ್ತಿರುತ್ತೆ, ಅಲ್ಟೆಗ್ರಾ ಆದ್ರೆ ಎಫ್‌ಸಿ-6800 ಅಥವಾ ಎಫ್‌ಸಿ-ಆರ್8000 ಇದ್ಯಾ ನೋಡಿ. ಧೂಳು, ಎಣ್ಣೆ ಎಲ್ಲ ಚೆನ್ನಾಗಿ ತೊಳೆದು ಟಾರ್ಚ್ ಹಿಡಿದು ಒಳಗಡೆ ಜೋಡಣೆ ಗೆರೆ ಉದ್ದಕ್ಕೂ ನೋಡಿ, ಬಾಯಿ ಬಿಟ್ಟಂಗೆ ಸಂದು ಕಂಡ್ರೆ ಮುಗೀತು, ಆ ಕ್ರ್ಯಾಂಕ್ ಬೇಡ. ಕಾಣ್ಲಿಲ್ಲ ಅಂತ ನೆಮ್ಮದಿಯಿಂದ ಇರೋದೂ ಬೇಡ, ಶಿಮಾನೋ ಡೀಲರ್ ಹತ್ರ ತಗೊಂಡು ಹೋಗಿ ತೋರಿಸಿ, ಅಂಟು ಬಿಟ್ಟಿದೆ ಅಂತ ಗೊತ್ತಾದ್ರೆ ಬದಲಿ ಕೊಡೋದು ಅವರದೇ ಯೋಜನೆ.

ನಂಬರ್ ಬೇರೆ ಇದ್ರೆ ಚೈನ್‌ರಿಂಗ್ ಬೋಲ್ಟ್ ಒಂದೊಂದೇ ಬಿಚ್ಚಿ ಗ್ರೀಸ್ ಹಚ್ಚಿ ಹಾಕ್ಸಿ, ಎಡಗಡೆ ಕ್ರ್ಯಾಂಕಿನ ಎರಡು ಬೋಲ್ಟ್ 12ರಿಂದ 14 ನ್ಯೂಟನ್ ಮೀಟರ್ ಬಿಗಿ ಇವೆಯಾ ನೋಡ್ಸಿ, ಬಲಗಾಲಿನ ಶೂ ಕೆಳಗಿನ ಕ್ಲೀಟ್ ಸ್ಕ್ರೂನೂ ಒಮ್ಮೆ ತಿರುವಿ ನೋಡಿ. ನಿಮ್ಮ ಕಡೆ ವಿಜಯಪುರ, ಬಾಗಲಕೋಟೆ, ಜಮಖಂಡಿಯಿಂದ ಎಂತೆಂಥ ಸೈಕ್ಲಿಸ್ಟ್‌ಗಳು ಬಂದಿದಾರೆ, ಅಲ್ಲಿನ ಹಳೇ ಕೋಚ್ ಯಾರನ್ನಾದ್ರೂ ಕೇಳಿ, ಅವರ ಕೈ ಬೆರಳಿಗೆ ಗೊತ್ತಿರೋದು ನಂಗೆ ಇಲ್ಲಿ ಕೂತು ಗೊತ್ತಾಗಲ್ಲ.

ಪ್ರಶ್ನೆ: ಮಾರಾಯ್ರೆ, ಮಳೆಗಾಲ ಶುರುವಾದ ಮೇಲೆ ನನ್ನ ಸೈಕಲಿನ ಡಿಸ್ಕ್ ಬ್ರೇಕ್ ಹಿಡಿದ ಕೂಡಲೇ ಇಡೀ ಬೀದಿಗೆ ಕೇಳುವ ಹಾಗೆ ಕಿರುಚುತ್ತದೆ. ಡಬ್ಲ್ಯೂಡಿ-40 ಹೊಡೆದೆ, ಇನ್ನೂ ಜೋರಾಯಿತು. ಎಂತ ಮಾಡುವುದು?
— ಓದುಗ, ಮಂಗಳೂರು

ಉತ್ತರ: ಅಯ್ಯೋ, ಬ್ರೇಕಿಗೆ ಎಣ್ಣೆ ಹೊಡೆದ್ರಾ? ಸದ್ದಿನ ಚಿಂತೆ ಬಿಡಿ, ಮೊದಲು ಸೈಕಲ್ ನಿಲ್ತಿದೆಯಾ ನೋಡ್ಕೊಳ್ಳಿ. ಡಿಸ್ಕ್ ಒದ್ದೆ ಆದಾಗ ಕಿರುಚೋದು ಮಾಮೂಲಿ, ನಾಲ್ಕು ಸಲ ಹಿಡಿದು ಬಿಟ್ರೆ ನೀರು ಆರಿ ತಾನೇ ಸುಮ್ಮನಾಗುತ್ತೆ. ಎಣ್ಣೆ ಸೇರಿದ್ರೆ ಆಗಲ್ಲ. ಡಿಸ್ಕನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹೊಸ ಬಟ್ಟೇಲಿ ಒರೆಸಿ, ಪ್ಯಾಡ್ ಮಾತ್ರ ಎಣ್ಣೆ ಕುಡಿದ್ಬಿಟ್ಟಿರುತ್ತೆ, ಹೊಸದು ಹಾಕ್ಸಿ, ಕಂಜೂಸು ಮಾಡ್ಬೇಡಿ. ಇನ್ಮೇಲೆ ಚೈನಿಗೆ ಎಣ್ಣೆ ಹಾಕುವಾಗ್ಲೂ ಸ್ಪ್ರೇ ಬೇಡ, ಹನಿ ಹನಿ ಬಿಡಿ, ಸ್ಪ್ರೇ ಹಾರಿ ಹೋಗಿ ಕೂರೋದು ಆ ಡಿಸ್ಕಿನ ಮೇಲೇನೇ.

ಪ್ರಶ್ನೆ: ಸೈಕಲ್ ತಳ್ಕೊಂಡು ಹೋದ್ರೆ ಹಿಂದಿನ ಚಕ್ರದಲ್ಲಿ ಟಿಣ್ ಟಿಣ್, ಸ್ಪೀಡ್ ಹೋದ್ರೆ ಸದ್ದೇ ಇಲ್ಲ. ದೆವ್ವಾನಾ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ದೆವ್ವ ಅಲ್ಲ, ರಿಮ್ ಒಳಗೆ ಏನೋ ಸೇರ್ಕೊಂಡಿದೆ, ಮುರಿದ ಸ್ಪೋಕ್ ನಿಪ್ಪಲ್ಲೋ ಕಡ್ಡಿ ಚೂರೋ. ನಿಧಾನ ತಿರುಗಿದಾಗ ಮೇಲಿಂದ ಕೆಳಗೆ ಬಿದ್ದು ಟಿಣ್ ಅನ್ನುತ್ತೆ, ಜೋರಾಗಿ ತಿರುಗಿದ್ರೆ ಹೊರಗಡೆಗೆ ಒತ್ತಿ ಅಂಟ್ಕೊಂಡು ಸುಮ್ನಾಗುತ್ತೆ. ಟೈರು, ರಿಮ್ ಟೇಪ್ ತೆಗೆದು ಅಲ್ಲಾಡಿಸಿ ಬೀಳಿಸಿ, ಸ್ಪೋಕ್ ಎಲ್ಲ ಇದೆಯಾ ಒಂದ್ಸಲ ಎಣಿಸಿ.

ಪ್ರಶ್ನೆ: ನಾನು ಸೈಕಲ್ ಹೊಡೆಯೋಳಲ್ಲ. ನಮ್ಮನೆಯವರು ಮೂರು ವಾರದಿಂದ ರಾತ್ರಿ ಊಟ ಆದ್ಮೇಲೆ ಸೈಕಲ್ಲನ್ನ ಹಾಲಿಗೆ ತಂದು ಸ್ಟ್ಯಾಂಡಿಗೆ ಹಾಕಿ ಕೈಯಲ್ಲಿ ಪೆಡಲ್ ತಿರುಗಿಸ್ತಾ ಕಿವಿ ಇಟ್ಕೊಂಡು ಕೂತಿರ್ತಾರೆ. ಸದ್ದು ಸಿಕ್ಕಿಲ್ಲ, ಸೋಫಾ ಕವರಿಗೆ ಗ್ರೀಸ್ ಆಗಿದೆ. ಏನಾದ್ರೂ ದಾರಿ ಹೇಳಿ.
— ಗೃಹಿಣಿ, ಬೆಂಗಳೂರು

ಉತ್ತರ: ಅಕ್ಕ, ಅವರು ಮೂರು ವರ್ಷ ಕೂತ್ರೂ ಸಿಗಲ್ಲ, ಸ್ಟ್ಯಾಂಡ್ ಮೇಲೆ ಸೈಕಲ್ಲಿಗೆ ಭಾರಾನೇ ಇಲ್ವಲ್ಲ, ಭಾರ ಬಿದ್ದಾಗ ಮಾತ್ರ ಕೂಗೋ ಸದ್ದು ಅದು. ಸ್ಟ್ಯಾಂಡಿಂದ ಇಳಿಸೋಕೆ ಹೇಳಿ. ಅವರು ಪಕ್ಕದಲ್ಲಿ ನಿಂತು ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು, ಪೆಡಲ್ ಮುಂದಕ್ಕೆ ಅಡ್ಡ ಇರೋ ಹಾಗೆ ಮಾಡಿ, ಒಂದು ಕಾಲಲ್ಲಿ ಅದನ್ನ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡ್ಲಿ. ನೀವು ಬೆರಳ ತುದಿ ಒಂದೊಂದೇ ಜೋಡಣೆ ಮೇಲೆ ಇಡ್ತಾ ಬನ್ನಿ, ಸೀಟಿನ ಬುಡ, ಹಿಂದಿನ ಆಕ್ಸಲ್, ಹ್ಯಾಂಗರ್, ಸ್ಟೆಮ್. ಕಿವಿ ಸುಳ್ಳು ಹೇಳುತ್ತೆ, ಆದ್ರೆ ಸದ್ದಿನ ಮೂಲದಲ್ಲಿ ಬೆರಳಿಗೆ ಸಣ್ಣಗೆ ಚುಟುಕ್ ಅಂತ ಹೊಡೆಯುತ್ತೆ, ಅದು ತಪ್ಪಲ್ಲ. ಚೈನಿಂದ ಮಾತ್ರ ಬೆರಳು ದೂರ ಇರ್ಲಿ. ಇದಕ್ಕೆ ಇಬ್ಬರು ಬೇಕೇ ಬೇಕು, ಹಾಗಾಗಿ ನೀವು ಕೇಳಿದ್ದು ಒಳ್ಳೇದೇ ಆಯ್ತು.

ಸೋಫಾ ಕವರಿಗೆ ನೀರು ಹಾಕ್ಬೇಡಿ. ಒಣಗಿದ್ದಾಗ್ಲೇ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಚೆನ್ನಾಗಿ ಉಜ್ಜಿ, ಕಾಲು ಗಂಟೆ ಬಿಟ್ಟು ಆಮೇಲೆ ಬಿಸಿನೀರಲ್ಲಿ ಒಗೀರಿ. ಒಗೆಯೋ ಕೆಲಸ ಅವರಿಗೇ ಕೊಡಿ.