ಮಳೆ ಬರುತ್ತೆ ಅಂತ ತೋಟ ಕಡೀತೀವಾ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಮಾವನವರಿಗೆ ಅನ್ನನಾಳದ ಕ್ಯಾನ್ಸರ್. ಮುಂದಿನ ತಿಂಗಳು ಆಪರೇಷನ್. ರಕ್ತದ ರಿಪೋರ್ಟಿನಲ್ಲಿ ಬಿಳಿ ರಕ್ತಕಣಗಳ ಪೈಕಿ ನೂರಕ್ಕೆ ನ್ಯೂಟ್ರೋಫಿಲ್ 80, ಲಿಂಫೋಸೈಟ್ 16. ಭಾಗಿಸಿದರೆ 5 ಬರುತ್ತೆ, ಇಷ್ಟಿದ್ದರೆ ಆಪರೇಷನ್ ಮಾಡಿಸಿಯೂ ಪ್ರಯೋಜನ ಇಲ್ಲ ಅಂತಾನೆ ನನ್ನ ತಮ್ಮ. ಈ ವಯಸ್ಸಿನಲ್ಲಿ ಅವರನ್ನು ಸುಮ್ನೆ ಕೊಯ್ಸೋದು ಯಾಕೆ?"

ಅಮ್ಮಾ, ನಿಮ್ಮ ತಮ್ಮನ ಭಾಗಾಕಾರ ಸರಿಯಾಗಿದೆ. ಹೊಟ್ಟೆ, ಅನ್ನನಾಳದ ಕ್ಯಾನ್ಸರಿನಲ್ಲಿ ಈ ಅನುಪಾತ ಜಾಸ್ತಿ ಇದ್ದವರು ಸರಾಸರಿ ಕಡಿಮೆ ಕಾಲ ಬದುಕಿದ್ದಾರೆ ಅಂತ ಹಲವು ಅಧ್ಯಯನಗಳು ಹೇಳಿವೆ. ಆದರೆ ಅದು ನೂರಾರು ಜನರ ಲೆಕ್ಕ, ನಿಮ್ಮ ಮಾವನ ಲೆಕ್ಕ ಅಲ್ಲ. ಗೆರೆ ಎಲ್ಲಿ ಎಳೆಯಬೇಕು ಅನ್ನೋದರಲ್ಲೂ ಒಮ್ಮತ ಇಲ್ಲ. ಒಬ್ಬರು 2 ಅಂದರೆ ಇನ್ನೊಬ್ಬರು 5 ಅನ್ನುತ್ತಾರೆ. ಹಲ್ಲಿನಲ್ಲಿ ಕೀವಾಗಿದ್ದರೂ, ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೂ ಈ ಸಂಖ್ಯೆ ಏರುತ್ತದೆ.

ಈ ಸಲ ಮಳೆ ಜೋರು ಅಂತ ಗೊತ್ತಾದರೆ ನಾವು ಅಡಿಕೆ ಮರ ಕಡಿಯುತ್ತೇವಾ? ಕೊಳೆರೋಗ ಬರುವ ಮೊದಲೇ ಮರ ಹತ್ತುವವರನ್ನು ಕರೆಸಿ ಬೋರ್ಡೋ ಔಷಧಿ ಹೊಡೆಸುತ್ತೇವೆ. ರಕ್ತದ ರಿಪೋರ್ಟನ್ನೂ ಹಾಗೇ ಓದಬೇಕು ಅಂತ ನಾನು ವರ್ಷಗಳಿಂದ ಹೇಳುತ್ತಿದ್ದೇನೆ.

ಅದೇ ಹಾಳೆಯಲ್ಲಿ ಕೆಳಗೆ ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಅಂತ ಒಂದು ಸಾಲು ಇದೆಯಾ ನೋಡಿ. ಸಾಮಾನ್ಯವಾಗಿ ಡೆಸಿಲೀಟರಿಗೆ 3.5ರಿಂದ 5 ಗ್ರಾಂ ಇರಬೇಕು. ನನ್ನ ಸೋದರಮಾವನಿಗೆ 2.8 ಇತ್ತು. ಹೊಟ್ಟೆಯ ಕ್ಯಾನ್ಸರ್, ದೊಡ್ಡ ಊರಿನ ಒಂದು ಆಸ್ಪತ್ರೆ. ಆ ಅಂಕಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು, ಪಕ್ಕದಲ್ಲಿ ಕೆಳಮುಖದ ಬಾಣವೂ ಇತ್ತು. ಆ ಪ್ಲಾಸ್ಟಿಕ್ ಕವರನ್ನು ಮೂರು ವಾರ ಹೊತ್ತು ತಿರುಗಿದವನು ನಾನೇ. ಒಬ್ಬರೂ ಆ ಸಾಲಿನ ಮೇಲೆ ಬೆರಳಿಡಲಿಲ್ಲ, ನಾನೂ ಕೇಳಲಿಲ್ಲ. ಮಾವ ಆ ಮೂರು ವಾರ ತಿಳಿಗಂಜಿ ಕುಡಿದುಕೊಂಡೇ ಇದ್ದರು. ಆಪರೇಷನ್ ಆದಮೇಲೆ ಒಳಗಿನ ಹೊಲಿಗೆ ಸೋರಿತು. ಆಲ್ಬುಮಿನ್ ಒಂದರಿಂದಲೇ ಹಾಗಾಯಿತು ಅಂತ ನಾನು ಹೇಳಲಾರೆ. ಆದರೆ ಆ ಮೂರು ವಾರ ನನ್ನನ್ನು ಇವತ್ತಿಗೂ ಕೊರೆಯುತ್ತದೆ.

ಆಲ್ಬುಮಿನ್ ಬರೀ ಊಟದ ಅಳತೆ ಅಲ್ಲ, ಮೈಯಲ್ಲಿ ಉರಿಯೂತ ಇದ್ದರೂ ಇಳಿಯುತ್ತದೆ. ಹಾಗಾಗಿ ಅಂಕಿ ಏರಿಸುವುದೇ ಗುರಿಯಲ್ಲ, ಮನುಷ್ಯ ಗಟ್ಟಿಯಾಗಬೇಕು. ಆರು ತಿಂಗಳಲ್ಲಿ ತೂಕ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇಳಿದಿದ್ದರೆ, ಇಲ್ಲವೇ ಆಲ್ಬುಮಿನ್ 3ಕ್ಕಿಂತ ಕೆಳಗಿದ್ದರೆ, ಆಪರೇಷನ್ ಮುಂದೆ ಹಾಕಿಯಾದರೂ 7ರಿಂದ 14 ದಿನ ಪೋಷಣೆ ಕೊಡಿ ಅಂತ ಯುರೋಪಿನ ಪೋಷಣಾ ತಜ್ಞರ ಮಾರ್ಗಸೂಚಿಯೇ ಹೇಳುತ್ತದೆ. ಕ್ಯಾನ್ಸರ್ ಆಪರೇಷನ್ನಿಗೂ ಇದೇ ಮಾತು. ನುಂಗಲು ಆಗದಿದ್ದರೆ ಮೂಗಿನಿಂದಲೋ ಹೊಟ್ಟೆಯಿಂದಲೋ ನಳಿಕೆ ಹಾಕುತ್ತಾರೆ. ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಆಪರೇಷನ್ ಆಗಿ ಮೂರು, ನಾಲ್ಕನೇ ದಿನ ಸಿ.ಆರ್.ಪಿ. (ಉರಿಯೂತ ತೋರಿಸುವ ರಕ್ತಪರೀಕ್ಷೆ) ಎಷ್ಟಿದೆ ಅಂತಲೂ ಕೇಳಿ. ಅದು ಕಡಿಮೆ ಇದ್ದರೆ ಹೊಲಿಗೆ ಸೋರಿರುವ ಸಾಧ್ಯತೆ ಕಡಿಮೆ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಮಾವನವರು ಕವಳ (ಎಲೆ-ಅಡಿಕೆ) ಬಿಟ್ಟಿದ್ದಾರಾ? ನೀವು ಬರೆದಿಲ್ಲ. ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ, ತಂಬಾಕು ಸೇರಿದರೆ ಕೇಳುವುದೇ ಬೇಡ. ಅಡಿಕೆಯಿಂದಲೇ ಊಟ ಮಾಡುವ ನಾವು ಈ ಮಾತು ಬಂದಾಗಲೆಲ್ಲ ದರದ ವಿಷಯಕ್ಕೆ ಜಾರುತ್ತೇವೆ. ಇಂಗ್ಲಿಷಿನಲ್ಲಿರುವ ರಿಪೋರ್ಟು ಕೈಗಿಟ್ಟು, ಕನ್ನಡದಲ್ಲಿ ಎರಡು ಮಾತು ವಿವರಿಸುವ ಒಬ್ಬರನ್ನೂ ಇಡದ ಆಸ್ಪತ್ರೆಗಳ ಮೇಲೆ ನನಗೆ ಸಿಟ್ಟಿದೆ. ಹಾಗೇ, ಮನೆಯಲ್ಲೇ ಇರುವ ಕವಳದ ತಟ್ಟೆ ಕಂಡೂ ಕಾಣದಂತಿರುವ ನಮ್ಮ ಮೇಲೂ ಇದೆ.

ಆಪರೇಷನ್ ಬೇಕಾ ಬೇಡವಾ ಅನ್ನೋದನ್ನು ಸರ್ಜನ್ ಸ್ಕ್ಯಾನ್ ನೋಡಿ, ಮಾವನವರ ಜೊತೆ ಮಾತಾಡಿ ತೀರ್ಮಾನಿಸಲಿ. ತಮ್ಮನ ಭಾಗಾಕಾರ ಅದನ್ನು ತೀರ್ಮಾನಿಸುವುದು ಬೇಡ. ನೀವು ನಾಳೆ ಬೆಳಿಗ್ಗೆ ಮಾವನವರನ್ನು ಅಡಿಕೆ ತೂಗುವ ತಕ್ಕಡಿ ಮೇಲಾದರೂ ನಿಲ್ಲಿಸಿ. ತೂಕ ನೋಡಿ, ತಾರೀಕಿನ ಜೊತೆ ಫೈಲಿನ ಮೇಲೆ ದೊಡ್ಡದಾಗಿ ಬರೆಯಿರಿ. ಮುಂದಿನ ವಾರ ಮತ್ತೆ ತೂಗಿ ನನಗೊಂದು ಕಾಗದ ಹಾಕಿ.

– ಸಂಪಾದಕ